ಕಾಯಿ ಒಣಗಿದೆ, ದಂಟು ಮಾತ್ರ ಹಸಿರು: ಅರೆಮಲೆನಾಡಿನ ಸೋಯಾಬೀನ್ ಬೆಳೆಗೊಂದು ಸಮಗ್ರ ಮಾರ್ಗದರ್ಶಿ

ಹಸ್ತ ಮಳೆ ಹೊತ್ತಿಗೆ ಸೋಯಾಬೀನ್ ಹೊಲದ ಬದುವಿನ ಮೇಲೆ ನಿಂತು ತಲೆ ಕೆರೆದುಕೊಂಡವರಿಗೆ ಈ ಬರಹ. ಕಾಯಿ ಕಂದು ಬಣ್ಣಕ್ಕೆ ತಿರುಗಿದೆ. ಅಲ್ಲಾಡಿಸಿದರೆ ಒಳಗೆ ಕಾಳು ಗಲಗಲ ಅನ್ನುತ್ತದೆ. ದಂಟು ನೋಡಿದರೆ ಹಸಿಹಸಿ, ತುದಿಯಲ್ಲಿ ನಾಲ್ಕು ಎಲೆ ಇನ್ನೂ ಅಂಟಿಕೊಂಡಿವೆ. ಕೊಯ್ಯಬೇಕೋ, ಕಾಯಬೇಕೋ?

ನಾನು ಕಾದೆ. ಶಿರಾಳಕೊಪ್ಪದಿಂದ ಆನವಟ್ಟಿಗೆ ಹೋಗುವ ರಸ್ತೆ ಬದಿಯ ನಮ್ಮ ಎರಡೂವರೆ ಎಕರೆಯಲ್ಲಿ, ದಂಟು ಒಣಗಲಿ ಅಂತ ಹನ್ನೆರಡು ದಿನ ಸುಮ್ನೆ ಕೂತೆ. ಒಂಬತ್ತನೇ ದಿನ ಮಳೆ ಹಿಡಿಯಿತು. ಕೊನೆಗೆ ಒಕ್ಕಿದಾಗ ಅರ್ಧ ಕಾಳಿಗೆ ನೇರಳೆ ಕಲೆ, ಬಿಳಿ ಬೂಷ್ಟು. ಕೆಲವಂತೂ ಕಾಯೊಳಗೇ ಮೊಳಕೆ ಒಡೆದಿದ್ದವು. ವ್ಯಾಪಾರಿ ಒಂದು ಹಿಡಿ ತೆಗೆದು ಅಂಗೈಯಲ್ಲಿ ಹರಡಿ ನೋಡಿದ, ಏನೂ ಮಾತಾಡದೆ ಚೀಲಕ್ಕೇ ವಾಪಸ್ ಸುರಿದ.

ಆ ವರ್ಷ ಕಲಿತದ್ದು ಇಷ್ಟು. ದಂಟು ಯಾಕೆ ಹಸಿರಾಗಿ ಉಳಿಯಿತು ಅಂತ ಹುಡುಕಿದರೆ ಉತ್ತರ ಹಸ್ತ ಮಳೆಯಲ್ಲಿ ಸಿಗುವುದಿಲ್ಲ, ಮಘೆ-ಹುಬ್ಬೆ ಮಳೆಯಲ್ಲಿ ಸಿಗುತ್ತದೆ. ಕಾಯಿ ಕಟ್ಟುವಾಗ ಆದ ನಷ್ಟವನ್ನು ಗಿಡ ಕೊಯ್ಲಿನ ಹೊತ್ತಿಗೆ ತೋರಿಸುತ್ತದೆ. ಹಾಗಾಗಿ ಈ ಮಾರ್ಗದರ್ಶಿ ಬಿತ್ತನೆಯಿಂದಲೇ ಶುರುವಾಗುತ್ತದೆ.

ಒಂದು ಮಾತು ಮೊದಲೇ ಹೇಳುತ್ತೇನೆ. ಇದು ಶಿಕಾರಿಪುರ, ಸೊರಬದ ಪೂರ್ವ ಭಾಗ, ಶಿವಮೊಗ್ಗದ ಬಯಲು ಕಡೆಯವರಿಗೆ. ತೀರ್ಥಹಳ್ಳಿ, ಹೊಸನಗರದ ಮಳೆಗೆ ಸೋಯಾ ಹಾಕುವ ಸಾಹಸ ಬೇಡ. ಈ ಗಿಡಕ್ಕೆ ಕಾಲು ಒದ್ದೆಯಾದರೆ ಆಗಿಬರುವುದಿಲ್ಲ.

ಗಿಡದ ಲೆಕ್ಕ ಹೇಗೆ ನಡೆಯುತ್ತದೆ

ಕಾಳು ತುಂಬುವಾಗ ಸೋಯಾ ಗಿಡ ಎಲೆ ಮತ್ತು ದಂಟಿನಲ್ಲಿ ಕೂಡಿಟ್ಟ ಸಾರಜನಕವನ್ನು ಕಾಳಿಗೆ ಇಳಿಸುತ್ತದೆ. ಅದಕ್ಕೇ ಎಲೆ ಹಳದಿಯಾಗಿ ಉದುರುವುದು, ದಂಟು ಒಣಗುವುದು. ಕಾಯಿ ಕಡಿಮೆ ಇದ್ದರೆ? ನೂರು ಜನಕ್ಕೆ ಅಡುಗೆ ಮಾಡಿ ನಲವತ್ತು ಜನ ಬಂದ ಮದುವೆ ಮನೆಯ ಹಾಗೆ. ಉಳಿದದ್ದು ಪಾತ್ರೆಯಲ್ಲೇ ಇರುತ್ತದೆ. ದಂಟು ಹಸಿರಾಗಿ ನಿಲ್ಲುತ್ತದೆ.

ಕಾಯಿ ಕಡಿಮೆಯಾಗಲು ಕಾರಣ ಹಲವು. ಹೂವಿನ ಹೊತ್ತಿಗೆ ಮಳೆ ಕೈಕೊಟ್ಟು ಆಮೇಲೆ ಜೋರಾಗಿ ಬರುವುದು. ಎಳೆಗಾಯಿ ಹೀರುವ ತಿಗಣೆ. ಹಳದಿ ನಂಜು ರೋಗ. ಎಳೆಗಾಯಿಯನ್ನೇ ಉದುರಿಸುವ ಚಿಬ್ಬು ರೋಗ. ಕಾಯಿ ಸಾಕಷ್ಟಿದ್ದೂ ಹಸಿರು ಉಳಿಯುವುದಕ್ಕೆ ಬೇರೆ ಕಾರಣಗಳಿವೆ: ತಡವಾಗಿ ಎರಚಿದ ಯೂರಿಯಾ, ಪೊಟ್ಯಾಷ್ ಕೊರತೆ, ಎರಡು ತಳಿ ಬೆರೆತ ಬೀಜ, ತಡವಾಗಿ ಹೊಡೆದ ಕೆಲವು ಶಿಲೀಂಧ್ರನಾಶಕ.

ಶಿಲೀಂಧ್ರ ರೋಗಗಳು ಸಾಮಾನ್ಯವಾಗಿ ಇದರ ಉಲ್ಟಾ ಕೆಲಸ ಮಾಡುತ್ತವೆ. ತುಕ್ಕು ಬಿದ್ದ ಹೊಲ, ಬೇರು ಕೊಳೆತ ಹೊಲ ಎರಡು-ಮೂರು ವಾರ ಮೊದಲೇ ಹಳದಿಯಾಗಿ "ಹಣ್ಣಾಯ್ತು" ಅನ್ನಿಸುತ್ತದೆ. ಕಾಯಿ ಬಿಡಿಸಿದರೆ ಒಳಗೆ ಅಕ್ಕಿ ಕಾಳಿನಷ್ಟು ಸಣ್ಣ ಕಾಳು. ಬೇಗ ಒಣಗಿದರೂ ಅನುಮಾನ ಪಡಬೇಕು, ಒಣಗದಿದ್ದರೂ ಅನುಮಾನ ಪಡಬೇಕು.

ಹೆಜ್ಜೆ 1: ಬೀಜದಲ್ಲೇ ಅರ್ಧ ಕೆಲಸ

ಬಿತ್ತನೆಗೆ ಹದಿನೈದು ದಿನ ಮೊದಲು ನೂರು ಕಾಳು ಎಣಿಸಿ, ಒದ್ದೆ ಗೋಣಿಚೀಲದ ತುಂಡಿನಲ್ಲಿ ಸಾಲಾಗಿ ಇಟ್ಟು ಸುತ್ತಿಡಿ. ಐದಾರು ದಿನಕ್ಕೆ ಬಿಚ್ಚಿ. ಎಪ್ಪತ್ತಕ್ಕಿಂತ ಕಡಿಮೆ ಮೊಳೆತರೆ ಆ ಬೀಜ ಬೇಡ. ಪ್ರಮಾಣಿತ ಬೀಜಕ್ಕೂ ಶೇ. 70 ಮೊಳಕೆಯೇ ಕನಿಷ್ಠ. ಮೊಳೆಯದ ಕಾಳುಗಳನ್ನು ಬಿಸಾಡುವ ಮೊದಲು ನೋಡಿ: ಸುಣ್ಣ ಬಳಿದಂತೆ ಬೆಳ್ಳಗಾಗಿ ಸುಕ್ಕುಗಟ್ಟಿದ್ದರೆ ಅದು ಹಿಂದಿನ ವರ್ಷ ಕೊಯ್ಲು ತಡವಾದ ಬೀಜ, ಒಳಗೆ ಶಿಲೀಂಧ್ರ ಕೂತಿದೆ. ನೇರಳೆ ಕಲೆಯ ಬೀಜ ಕೆಲವು ಮೊಳೆಯುತ್ತವೆ, ಆದರೆ ರೋಗವನ್ನು ಜೊತೆಗೇ ಕರೆತರುತ್ತವೆ.

ಜೆಎಸ್-335 ತಳಿ ನಮ್ಮ ಕಡೆಗೆ ಹಳೇ ಪರಿಚಯ. 95ರಿಂದ 100 ದಿನಕ್ಕೆ ಬರುತ್ತದೆ. ತುಕ್ಕು ರೋಗಕ್ಕೆ ಮಾತ್ರ ಬೇಗ ಸೋಲುತ್ತದೆ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಡಿಎಸ್‌ಬಿ-21 ತುಕ್ಕು ತಡೆಯುವ ತಳಿ. ಮಳೆ ಜಾಸ್ತಿ ಇರುವ ನಮ್ಮ ಕಡೆ ನಾನಂತೂ ಇದಕ್ಕೇ ಮತ ಹಾಕುತ್ತೇನೆ. ಯಾವುದೇ ಹಾಕಿ, ಒಂದು ಹೊಲಕ್ಕೆ ಒಂದೇ ತಳಿ. ಉಳಿದ ಬೀಜ, ನೆಂಟರು ಕೊಟ್ಟ ಬೀಜ ಎಲ್ಲ ಬೆರೆಸಿ ಬಿತ್ತಿದರೆ ಕೊಯ್ಲಿನಲ್ಲಿ ಅರ್ಧ ಒಣಗಿ ಅರ್ಧ ಹಸಿರಿರುತ್ತದೆ, ಅದಕ್ಕೆ ಯಾವ ಔಷಧಿಯೂ ಇಲ್ಲ.

ಬೀಜೋಪಚಾರ ಬಿಡಬೇಡಿ. ಕಾರ್ಬಾಕ್ಸಿನ್ ಮತ್ತು ಥೈರಾಮ್ ಸೇರಿರುವ ಪುಡಿ ಕಿಲೋ ಬೀಜಕ್ಕೆ 3 ಗ್ರಾಂ. ಟಾರ್ಪಾಲಿನ ಮೇಲೆ ಬೀಜ ಹರಡಿ, ಸ್ವಲ್ಪ ನೀರು ಚಿಮುಕಿಸಿ, ಟಾರ್ಪಾಲಿನ ಅಂಚು ಎತ್ತಿ ಎತ್ತಿ ಹೊರಳಿಸಿ. ಕೈಯಿಂದ ತಿಕ್ಕಿದರೆ ಸಿಪ್ಪೆ ಏಳುತ್ತದೆ, ಸೋಯಾ ಸಿಪ್ಪೆ ಅಷ್ಟು ನಾಜೂಕು. ನೆರಳಲ್ಲಿ ಆರಿದ ಮೇಲೆ, ಬಿತ್ತುವ ಮುಂಚೆ ಬೆಲ್ಲದ ನೀರಿನಲ್ಲಿ ಕಲಸಿದ ರೈಜೋಬಿಯಂ (ಬೇರಿನ ಗಂಟಲ್ಲಿ ಕೂತು ಗಾಳಿಯ ಸಾರಜನಕ ಹಿಡಿದುಕೊಡುವ ಜೀವಾಣು) ಹಚ್ಚಿ. ಈ ಕ್ರಮ ತಿರುಗಿಸಬೇಡಿ. ರಾಸಾಯನಿಕ ಬೇಡ ಅನ್ನುವವರು ಪುಡಿಯ ಬದಲು ಟ್ರೈಕೋಡರ್ಮಾ (ರೋಗದ ಶಿಲೀಂಧ್ರವನ್ನು ತಡೆಯುವ ಒಳ್ಳೆಯ ಶಿಲೀಂಧ್ರ) ಕಿಲೋಗೆ 5ರಿಂದ 10 ಗ್ರಾಂ ಹಾಕಬಹುದು.

ಹೆಜ್ಜೆ 2: ಸಾಲು, ನೀರು, ಗೊಬ್ಬರ

ಎಕರೆಗೆ 25 ಕಿಲೋ ಬೀಜ ಸಾಕು. ಮೆಕ್ಕೆಜೋಳ ಹಾಕಿ ಅಭ್ಯಾಸ ಇರುವವರು "ಗಿಡ ಸಣ್ಣದಲ್ವಾ" ಅಂತ 35 ಕಿಲೋ ಹಾಕುತ್ತಾರೆ. ಆಶ್ಲೇಷ ಮಳೆಗೆ ಸಾಲುಗಳು ಒಂದಕ್ಕೊಂದು ಕೂಡಿಕೊಂಡು ಒಳಗೆ ಗಾಳಿಯೇ ಆಡುವುದಿಲ್ಲ. ಎಲೆ ಮಧ್ಯಾಹ್ನದವರೆಗೂ ಒದ್ದೆ. ಶಿಲೀಂಧ್ರಕ್ಕೆ ಇನ್ನೇನು ಬೇಕು? ಸಾಲಿನ ನಡುವೆ ಒಂದು ಅಡಿ ಅನ್ನುವುದು ಬಯಲುಸೀಮೆಯ ಲೆಕ್ಕ. ನಮ್ಮ ಕಡೆ ಒಂದೂವರೆ ಅಡಿ ಇಟ್ಟರೆ ತಪ್ಪಿಲ್ಲ. ನಾಲ್ಕೈದು ಸಾಲಿಗೊಂದು ಬಸಿಗಾಲುವೆ ಎಳೆಯಿರಿ.

ನಮ್ಮ ಕೆಂಪು ಮಣ್ಣು ಹುಳಿ ಮಣ್ಣು. ಅದರಲ್ಲಿ ಬೇರಿನ ಗಂಟು ಸರಿಯಾಗಿ ಕಟ್ಟುವುದಿಲ್ಲ. ಮಣ್ಣು ಪರೀಕ್ಷೆ ಮಾಡಿಸಿ ಅವರು ಹೇಳಿದಷ್ಟು ಸುಣ್ಣ ಹಾಕಿ. ಪೊಟ್ಯಾಷ್ ಉಳಿಸಲು ಹೋಗಬೇಡಿ. ಹೂ ಬಿಟ್ಟ ಮೇಲೆ ಯೂರಿಯಾ ಕೈಗೆ ತಗೊಳ್ಳಬೇಡಿ.

ಹೆಜ್ಜೆ 3: ವಾರಕ್ಕೊಮ್ಮೆ ಗಿಡದ ಮುಂದೆ ಕೂತು ನೋಡುವುದು

ಬದುವಿನ ಮೇಲಿಂದ ನೋಡಿದರೆ ಎಲ್ಲ ಹೊಲವೂ ಚೆನ್ನಾಗಿರುತ್ತದೆ. ಒಳಗೆ ಹೋಗಿ, ಕುಕ್ಕರಗಾಲಲ್ಲಿ ಕೂತು, ಗಿಡದ ಬುಡದಿಂದ ತುದಿವರೆಗೆ ನೋಡಬೇಕು. ಹತ್ತು ಕಡೆ, ಒಂದೊಂದು ಕಡೆ ಐದು ಗಿಡ. ಜೇಬಲ್ಲಿ ಒಂದು ಭೂತಗನ್ನಡಿ ಇರಲಿ. ನಾನು ಮಗಳ ಶಾಲೆಯ ಡಬ್ಬಿಯಿಂದ ಎತ್ತಿಕೊಂಡದ್ದು ಇನ್ನೂ ವಾಪಸ್ ಕೊಟ್ಟಿಲ್ಲ.

ಬುಡದಿಂದ ಶುರು ಮಾಡಿ. ಮೊದಲ ತಿಂಗಳಲ್ಲಿ ಅಲ್ಲೊಂದು ಇಲ್ಲೊಂದು ಗಿಡ ಬಾಡುತ್ತದೆ. ಕಿತ್ತು ನೋಡಿದರೆ ಮಣ್ಣಿನ ಮಟ್ಟದಲ್ಲಿ ಬಿಳಿ ನೂಲಿನಂಥ ಬೂಷ್ಟು, ಅದರ ಮೇಲೆ ಸಾಸಿವೆ ಕಾಳಿನಂಥ ಕಂದು ಗುಂಡುಗಳು. ಇದು ಬುಡಕೊಳೆ. ಗುಂಡುಗಳು ಮಣ್ಣಲ್ಲಿ ವರ್ಷಗಟ್ಟಲೆ ಬದುಕುತ್ತವೆ. ಆದ್ದರಿಂದ ಗಿಡವನ್ನು ಸುತ್ತಲಿನ ಮಣ್ಣಿನ ಸಮೇತ ಎತ್ತಿ ಹೊಲದಿಂದ ಆಚೆ ಸುಡಿ. ಬದುವಿಗೆ ಬಿಸಾಡಿದರೆ ಮಳೆ ನೀರು ವಾಪಸ್ ತರುತ್ತದೆ.

ಕಾಳು ತುಂಬುವಾಗ ಮಳೆ ಹದಿನೈದು ದಿನ ನಿಂತು ಗಿಡ ಸತ್ತರೆ, ಎಲೆ ಉದುರದೆ ಗಿಡಕ್ಕೇ ಜೋತುಬಿದ್ದಿದ್ದರೆ, ಬುಡದ ಸಿಪ್ಪೆಯನ್ನು ಉಗುರಿನಿಂದ ಕೆರೆಯಿರಿ. ಒಳಗೆ ಬೂದುಬಣ್ಣ, ಅದರ ಮೇಲೆ ಇದ್ದಿಲ ಪುಡಿ ಉದುರಿಸಿದಂತೆ ಕಪ್ಪು ಚುಕ್ಕೆ ಕಂಡರೆ ಅದು ಇದ್ದಿಲು ಕೊಳೆ. ಮುಂದಿನ ವರ್ಷ ಮೆಕ್ಕೆಜೋಳ ಹಾಕಿ ಬೆಳೆ ಬದಲಿಸಿದೆ ಅಂತ ಸಮಾಧಾನ ಪಡಬೇಡಿ, ಈ ಶಿಲೀಂಧ್ರ ಜೋಳವನ್ನೂ ಬಿಡುವುದಿಲ್ಲ. ನೀರು ನಿಲ್ಲಿಸಿ ಭತ್ತ ಮಾಡುವ ಅನುಕೂಲ ಇದ್ದರೆ ಅದೇ ಒಳ್ಳೆಯದು.

ಆಮೇಲೆ ಎಲೆ. ನಡುವೆ ಬೂದಿ, ಸುತ್ತ ಕೆಂಗಂದು ಗೆರೆ, ಕಪ್ಪೆಯ ಕಣ್ಣಿನಂಥ ಚುಕ್ಕೆ ಇದ್ದರೆ ಅದು ಎಲೆಚುಕ್ಕೆ ರೋಗ. ನಾಲ್ಕಾರು ಚುಕ್ಕೆಗೆ ಗಾಬರಿ ಬೇಡ. ಜಡಿಮಳೆಯ ನಂತರ ಎಲೆಗಳು ಬಿಸಿನೀರಲ್ಲಿ ಅದ್ದಿದಂತಾಗಿ, ಒಂದಕ್ಕೊಂದು ಜೇಡರ ಬಲೆಯಂಥ ಎಳೆಯಿಂದ ಅಂಟಿಕೊಂಡಿದ್ದರೆ ಮಾತ್ರ ಅದು ಎಲೆ ಅಂಗಮಾರಿ. ದಟ್ಟ ಹೊಲದಲ್ಲಿ ನೋಡನೋಡುತ್ತ ಹರಡುತ್ತದೆ.

ತುಕ್ಕು ರೋಗವನ್ನು ಹುಡುಕಬೇಕಾದದ್ದು ಕೆಳಗಿನ ಎಲೆಯ ಹಿಂಬದಿಯಲ್ಲಿ. ಮೊದಲು ಎಲೆಯನ್ನು ಬೆಳಕಿಗೆ ಹಿಡಿಯಿರಿ, ಸೂಜಿಮೊನೆಯಷ್ಟು ಕಪ್ಪು ಚುಕ್ಕೆ ಕಾಣುತ್ತವೆ. ತಿರುಗಿಸಿ ಭೂತಗನ್ನಡಿ ಇಟ್ಟರೆ ಪುಟ್ಟ ಪುಟ್ಟ ಗುಳ್ಳೆಗಳು, ಬಾಯಿ ತೆರೆದ ಹುತ್ತದ ಹಾಗೆ. ಬಿಳಿ ಕರ್ಚೀಫಿನಿಂದ ಒರೆಸಿದರೆ ಕಂದು ಪುಡಿ ಹತ್ತುತ್ತದೆ. ಹತ್ತಿತು ಅಂದರೆ ತುಕ್ಕು. ಈ ಶಿಲೀಂಧ್ರಕ್ಕೆ ಜೀವಂತ ಗಿಡವೇ ಬೇಕು, ಒಣ ಹೊಟ್ಟಿನಲ್ಲಿ ಬದುಕುವುದಿಲ್ಲ. ಗಾಳಿಯಲ್ಲಿ ಬರುತ್ತದೆ. ಬೆಳಗಾವಿ ಜಿಲ್ಲೆಯ ಉಗಾರ ಖುರ್ದದಂಥ ಕೃಷ್ಣಾ ತೀರದ ಊರುಗಳು ಇದರ ತವರು ಇದ್ದ ಹಾಗೆ. ಆ ಕಡೆ ನೆಂಟರಿದ್ದರೆ ಆಗಸ್ಟ್‌ನಲ್ಲಿ ಒಂದು ಫೋನ್ ಮಾಡಿ ಕೇಳಿ. ಮಂಜು-ಮೋಡ, 18ರಿಂದ 26 ಡಿಗ್ರಿ, ಎಲೆ ಆರೇಳು ಗಂಟೆ ಒದ್ದೆ: ನಮ್ಮ ಹುಬ್ಬೆ ಮಳೆಯ ವಾತಾವರಣವೇ ಅದು.

ಕೊನೆಗೆ ಕಾಯಿ ಮತ್ತು ದಂಟು. ಕಾಯಿ ಮೇಲೆ, ದಂಟಿನ ಮೇಲೆ ಅಡ್ಡಾದಿಡ್ಡಿ ಕಪ್ಪು ಮಚ್ಚೆ, ಭೂತಗನ್ನಡಿಯಲ್ಲಿ ಅದರ ಮೇಲೆ ಸಣ್ಣ ಕಪ್ಪು ಮುಳ್ಳುಗಳು ಎದ್ದಂತೆ ಕಂಡರೆ ಚಿಬ್ಬು ರೋಗ. ಕಪ್ಪು ಚುಕ್ಕೆಗಳು ದಂಟಿನ ಉದ್ದಕ್ಕೂ ಹೊಲಿಗೆ ಹಾಕಿದಂತೆ ಸಾಲುಸಾಲಾಗಿದ್ದರೆ ಅದು ಕಾಂಡ ಮತ್ತು ಕಾಯಿ ಅಂಗಮಾರಿ. ಮೊದಲನೆಯದು ಎಳೆಗಾಯಿಯನ್ನೇ ಉದುರಿಸುತ್ತದೆ. ಎರಡನೆಯದು ಕಾದು ಕೂತು, ಕಾಯಿ ಹಣ್ಣಾದ ಮೇಲೆ ಮಳೆ ಬಂದರೆ ಕಾಳಿಗೆ ನುಗ್ಗುತ್ತದೆ. ನನ್ನ ಹನ್ನೆರಡು ದಿನದ ಕಾಯುವಿಕೆಯಲ್ಲಿ ಹಬ್ಬ ಮಾಡಿದ್ದು ಇದೇ.

ಹೆಜ್ಜೆ 4: ಔಷಧಿ ಯಾವಾಗ, ಎಷ್ಟು

ಜೂನ್ ಮಧ್ಯಕ್ಕೆ ಬಿತ್ತಿದರೆ ಜುಲೈ ಕೊನೆಗೆ ಹೂವು, ಆಗಸ್ಟ್ ಮಧ್ಯಕ್ಕೆ ಎಳೆಗಾಯಿ. ಔಷಧಿ ಕೆಲಸ ಮಾಡುವ ಕಿಂಡಿ ಎಳೆಗಾಯಿ ಕಾಣಿಸಿದಾಗಿನಿಂದ ಕಾಳು ಕೈಗೆ ಸಿಗುವವರೆಗೆ, ಅಂದರೆ ಬಿತ್ತಿದ 55ರಿಂದ 75 ದಿನ. ಕಾಳು ಕಾಯಿಯ ಗೂಡನ್ನು ಪೂರ್ತಿ ತುಂಬಿದ ಮೇಲೆ ಹೊಡೆದದ್ದು ಅಂಗಡಿಯವನಿಗೆ ಲಾಭ, ಅಷ್ಟೇ.

ತುಕ್ಕು ಕಂಡರೆ ಹೆಕ್ಸಾಕೊನಜೋಲ್ 5 ಇಸಿ (ಶೇ. 5ರ ದ್ರವರೂಪದ ಔಷಧಿ) ಅಥವಾ ಪ್ರೊಪಿಕೊನಜೋಲ್ 25 ಇಸಿ, ಲೀಟರಿಗೆ 1 ಮಿ.ಲೀ. ಹದಿನೈದು ದಿನಕ್ಕೆ ಮತ್ತೆ ನೋಡಿ, ಬೇಕಿದ್ದರೆ ಇನ್ನೊಮ್ಮೆ. ಚಿಬ್ಬು ರೋಗ, ಎಲೆಚುಕ್ಕೆಗೆ ಟೆಬುಕೊನಜೋಲ್ 25.9 ಇಸಿ ಲೀಟರಿಗೆ 1.25 ಮಿ.ಲೀ., ಇಲ್ಲವೇ ಟೆಬುಕೊನಜೋಲ್ ಮತ್ತು ಗಂಧಕ ಸೇರಿರುವ ಪುಡಿ 2.5 ಗ್ರಾಂ. ಎಕರೆಗೆ 200 ಲೀಟರ್ ನೀರು ಬೇಕೇ ಬೇಕು. 16 ಲೀಟರಿನ ಬೆನ್ನು ಪಂಪಿನಲ್ಲಿ ಹನ್ನೆರಡರಿಂದ ಹದಿಮೂರು ಟ್ಯಾಂಕ್ ಆಯಿತು. ಆರು ಟ್ಯಾಂಕಿಗೆ ಮುಗಿಸಿದೆ ಅನ್ನುವವರ ಹೊಲದಲ್ಲಿ ಎಲೆಯ ಮೇಲ್ಭಾಗಕ್ಕೆ ಮಾತ್ರ ಔಷಧಿ ಬಿದ್ದಿರುತ್ತದೆ, ತುಕ್ಕು ಕೆಳಗೆ ಆರಾಮಾಗಿರುತ್ತದೆ. ಕೊಯ್ಲಿಗೆ ಎಷ್ಟು ದಿನ ಮೊದಲು ನಿಲ್ಲಿಸಬೇಕು ಅನ್ನುವುದು ಡಬ್ಬದ ಚೀಟಿಯಲ್ಲಿರುತ್ತದೆ, ಓದಿ. ಮುಖಕ್ಕೆ ಬಟ್ಟೆ, ಕೈಗೆ ಗ್ಲೌಸ್ ಇರಲಿ.

ಹೆಸರಿನ ಕೊನೆಗೆ 'ಸ್ಟ್ರೋಬಿನ್' ಅಂತಿರುವ ಔಷಧಿಗಳ ಬಗ್ಗೆ ಒಂದು ಮಾತು. ರೋಗಕ್ಕೆ ಒಳ್ಳೆಯವೇ, ಎಲೆಚುಕ್ಕೆಗೆ ಕೆಲಸ ಮಾಡುತ್ತವೆ. ಆದರೆ ಎಲೆ, ದಂಟನ್ನು ಹಸಿರಾಗಿ ಉಳಿಸುವ ಗುಣವೂ ಅವಕ್ಕಿದೆ. ಅಮೆರಿಕದ ಪ್ರಯೋಗಗಳಲ್ಲೂ ಇದು ಕಂಡುಬಂದಿದೆ. "ಹೊಡೀರಿ, ಗಿಡ ಮಿಂಚುತ್ತೆ" ಅಂತ ಅಂಗಡಿಯಲ್ಲಿ ಹೇಳಿದ್ದಕ್ಕೆ ನಾನು ರೋಗವೇ ಇಲ್ಲದ ಹೊಲಕ್ಕೆ ಸೆಪ್ಟೆಂಬರ್ ಮೊದಲ ವಾರ ಹೊಡೆದೆ. ಗಿಡ ಮಿಂಚಿದ್ದು ನಿಜ, ಅಕ್ಟೋಬರ್‌ವರೆಗೂ ಮಿಂಚಿತು.

ಅಡಿಕೆ ತೋಟ ಇರುವವರು ಮಿಕ್ಕ ಬೋರ್ಡೋ ದ್ರಾವಣವನ್ನು ಸೋಯಾಗೆ ಹೊಡೆಯುವುದನ್ನು ನೋಡಿದ್ದೇನೆ. ಬೇಡ. ಅಡಿಕೆಯ ಕೊಳೆರೋಗದ ಜೀವಿಯೇ ಬೇರೆ, ಸೋಯಾ ರೋಗದ್ದೇ ಬೇರೆ. ಅದೂ ಅಲ್ಲದೆ ಬೋರ್ಡೋ ಮಾಡಿದ ದಿನವೇ ಖಾಲಿಯಾಗಬೇಕು.

ಹೆಜ್ಜೆ 5: ತಿಗಣೆ ಎಣಿಸಿ

ಹಸಿರು ದಂಟಿನ ದೊಡ್ಡ ಆರೋಪಿ ಇವೇ. ಹಸಿರು ತಿಗಣೆ, ಕಂದು ತಿಗಣೆ ಎಳೆಗಾಯಿಗೆ ಸೂಜಿ ಚುಚ್ಚಿ ಕಾಳಿನ ರಸ ಹೀರುತ್ತವೆ. ಕಾಯಿ ಹೊರಗಿಂದ ಸರಿಯಾಗೇ ಕಾಣುತ್ತದೆ, ಹಿಸುಕಿದರೆ ಚಪ್ಪಟೆ. ಚುಚ್ಚಿದ ತೂತಿನಿಂದ ಶಿಲೀಂಧ್ರವೂ ಒಳಗೆ ಹೋಗುತ್ತದೆ.

ಬೆಳಗ್ಗೆ ಎಂಟರೊಳಗೆ ಹೋಗಿ. ಸಾಲಿನ ನಡುವೆ ಹಳೇ ಬಿಳಿ ಪಂಚೆ ಹಾಸಿ, ಒಂದು ಮೀಟರ್ ಉದ್ದದ ಗಿಡಗಳನ್ನು ಅದರ ಮೇಲೆ ಬಗ್ಗಿಸಿ ಜೋರಾಗಿ ಕೊಡವಿ. ಬಿಸಿಲೇರಿದ ಮೇಲೆ ಹೋದರೆ ಹಾರಿಹೋಗುತ್ತವೆ. ಸರಾಸರಿ ಮೂರರ ಆಸುಪಾಸು ಬಿದ್ದರೆ ಕ್ರಮ ಬೇಕು. ಅಂಚಿನ ಏಳೆಂಟು ಸಾಲಿನಲ್ಲಿ ಜಾಸ್ತಿ ಇರುತ್ತವೆ, ಮೊದಲು ಅಲ್ಲಿ ನೋಡಿ. ಎಷ್ಟೋ ಸಲ ಆ ಅಂಚಿಗಷ್ಟೇ ಔಷಧಿ ಸಾಕಾಗುತ್ತದೆ. ಯಾವ ಔಷಧಿ ಅನ್ನುವುದನ್ನು ಬಿದ್ದ ತಿಗಣೆಯನ್ನು ಬಾಟಲಿಗೆ ಹಾಕಿಕೊಂಡು ರೈತ ಸಂಪರ್ಕ ಕೇಂದ್ರಕ್ಕೋ, ನವುಲೆಯ ಕೃಷಿ ವಿಜ್ಞಾನ ಕೇಂದ್ರಕ್ಕೋ ಹೋಗಿ ಕೇಳುವುದು ಒಳ್ಳೆಯದು.

ಹೆಜ್ಜೆ 6: ದಂಟು ಹಸಿರಿದೆ, ಈಗ ಏನು?

ಬಿತ್ತಿದ 90ನೇ ದಿನದಿಂದ ಮೂರು ದಿನಕ್ಕೊಮ್ಮೆ ಹೊಲಕ್ಕೆ ಹೋಗಿ. ದಂಟು, ಎಲೆ ಎರಡನ್ನೂ ಮರೆತು ಕಾಯಿ ನೋಡಿ.

ನಡುಭಾಗದ ಒಂದು ಕಾಯಿ ಕಿತ್ತು ಬಿಡಿಸಿ. ಕಾಳು ಪೂರ್ತಿ ಹಳದಿಯಾಗಿ ದುಂಡಾಗಿದೆಯೇ? ಕಾಯಿಯ ಒಳಗಿನ ಬಿಳಿ ಪೊರೆ ಕಾಳನ್ನು ಬಿಟ್ಟಿದೆಯೇ? ಉಗುರು ಒತ್ತಿದರೆ ಗುರುತು ಬೀಳುವುದೂ ಕಷ್ಟವೇ? ಹೌದಾದರೆ ಆ ಕಾಳಿಗೆ ಗಿಡದಿಂದ ಇನ್ನೇನೂ ಬರಬೇಕಾಗಿಲ್ಲ. ನೂರು ಕಾಯಿಯಲ್ಲಿ 95 ಹೀಗಿದ್ದರೆ ಬೆಳೆ ಬಂದಿದೆ. ದಂಟು ಗಿಳಿಹಸಿರಿದ್ದರೂ ಬಂದಿದೆ. ಒಣ ಹವೆ ಇದ್ದರೆ ಐದರಿಂದ ಹತ್ತು ದಿನದಲ್ಲಿ ಕಾಳಿನ ತೇವ ಶೇ. 15ಕ್ಕಿಂತ ಕೆಳಗಿಳಿಯುತ್ತದೆ, ಅಷ್ಟರೊಳಗೆ ಕೊಯ್ಯಿರಿ.

ಕಾಯಿಯೂ ಹಸಿರು, ದಂಟೂ ಹಸಿರು, ಇಡೀ ಹೊಲ ಒಂದೇ ಥರ ಇದ್ದರೆ ಬೆಳೆ ಸುಮ್ನೆ ತಡವಾಗಿದೆ. ಕಾಯಿರಿ. ಅಂಚಿನಲ್ಲಿ ಮಾತ್ರ ಹಸಿರು, ಕಾಯಿ ಚಪ್ಪಟೆ ಇದ್ದರೆ ತಿಗಣೆ. ಒಳಗೆ ಒಂಟೊಂಟಿ ಗಿಡ, ಎಲೆ ಹಳದಿ-ಹಸಿರು ಬಣ್ಣದ ಮಚ್ಚೆ ಮಚ್ಚೆ ಇದ್ದರೆ ನಂಜು. ಇವೆರಡಕ್ಕೂ ಕಾದು ಪ್ರಯೋಜನವಿಲ್ಲ, ಅವು ತುಂಬುವುದಿಲ್ಲ. ಉಳಿದ ಒಳ್ಳೆಯ ಗಿಡಗಳ ದಿನ ನೋಡಿ ಕೊಯ್ಯಿರಿ.

ಕಳೆನಾಶಕ ಹೊಡೆದು ಒಣಗಿಸಿಬಿಡೋಣ ಅನ್ನುವ ಉಪಾಯ ಯಾರಾದರೂ ಹೇಳಿಯೇ ಹೇಳುತ್ತಾರೆ. ದಯವಿಟ್ಟು ಬೇಡ. ತಿನ್ನುವ ಕಾಳಿನ ಮೇಲೆ ಅದು ಉಳಿಯುತ್ತದೆ, ಬೀಜಕ್ಕಿಟ್ಟರೆ ಮೊಳಕೆ ಹಾಳಾಗುತ್ತದೆ. ಪ್ಯಾರಾಕ್ವಾಟ್ ಅಂತೂ ಮೈಗೆ ಹೋದರೆ ಅದಕ್ಕೆ ಮದ್ದೇ ಇಲ್ಲ.

ಹೆಜ್ಜೆ 7: ಕೊಯ್ಲು ಮತ್ತು ಒಕ್ಕಣೆ

ಹಸಿರು ದಂಟಿನ ಹೊಲಕ್ಕೆ ಹಾರ್ವೆಸ್ಟರ್ ಕರೆಸಿದ್ದೆ ಒಮ್ಮೆ. ಅರ್ಧ ಎಕರೆಗೆ ಎರಡು ಸಲ ನಿಂತಿತು. "ಅಣ್ಣಾ, ದಂಟು ನಾರಿನ ಹಗ್ಗ ಆಗಿದೆ, ಡ್ರಮ್ಮಿಗೆ ಸುತ್ಕೊಳ್ತದೆ" ಅಂದ ಡ್ರೈವರ್ ಹುಡುಗ. ಇಳಿದು ಕುಡುಗೋಲಿನಿಂದ ಕಿತ್ತು ಕಿತ್ತು ತೆಗೆದ. ಹಸಿ ದಂಟಿನ ರಸ ಕಾಳಿಗೆ ಮೆತ್ತಿ, ಅದಕ್ಕೆ ಧೂಳು ಅಂಟಿ ಕಾಳು ಕೊಳಕು ಕೊಳಕಾಯಿತು. ಮಷಿನ್ನೇ ಬೇಕು ಅಂದರೆ ಮಧ್ಯಾಹ್ನ ಹನ್ನೆರಡರಿಂದ ಐದರ ಒಳಗೆ, ನಿಧಾನ ವೇಗದಲ್ಲಿ ಹೊಡೆಸಿ.

ಆಳು ಸಿಕ್ಕರೆ ಕೈಕೊಯ್ಲೇ ಸರಿ. ಬೇರು ಸಮೇತ ಕೀಳಬೇಡಿ, ಮಣ್ಣು ಕಾಳಿಗೆ ಸೇರುತ್ತದೆ. ನೆಲದಿಂದ ನಾಲ್ಕು ಬೆರಳು ಮೇಲೆ ಕತ್ತರಿಸಿ. ಸಣ್ಣ ಸಣ್ಣ ಹೊರೆ ಕಟ್ಟಿ, ಬುಡ ಕೆಳಗೆ ಮಾಡಿ ಒಂದಕ್ಕೊಂದು ಆನಿಸಿ ನಿಲ್ಲಿಸಿ. ಬುಡ ಕತ್ತರಿಸಿದ ದಂಟು ಬಿಸಿಲಿದ್ದರೆ ಮೂರ್ನಾಲ್ಕು ದಿನಕ್ಕೆ ಕಟಕ್ಕೆಂದು ಮುರಿಯುವಷ್ಟು ಒಣಗುತ್ತದೆ. ನಿಂತ ಗಿಡದಲ್ಲಿ ಎರಡು ವಾರ ಕಾದರೂ ಆಗದ ಕೆಲಸ ಇದು. ಟಾರ್ಪಾಲು ಹತ್ತಿರದಲ್ಲೇ ಇರಲಿ, ಆದರೆ ಮಳೆ ನಿಂತ ಕೂಡಲೇ ತೆಗೆಯಿರಿ. ಹಸಿ ಹೊರೆಯನ್ನು ಗುಡ್ಡೆ ಹಾಕಿ ಮುಚ್ಚಿಟ್ಟರೆ ಒಂದೇ ರಾತ್ರಿಗೆ ಒಳಗೆ ಬಿಸಿಯಾಗಿ ಬೂಷ್ಟು ಹಿಡಿಯುತ್ತದೆ. ಕೈ ತೂರಿಸಿ ನೋಡಿದರೆ ಗೊತ್ತಾಗುತ್ತದೆ.

ಒಕ್ಕಣೆಗೆ ಬರುವ ಮಷಿನ್ ಹಿಂದಿನ ದಿನ ಮೆಕ್ಕೆಜೋಳ ಒಕ್ಕಿ ಬಂದಿರುತ್ತದೆ. ಅದೇ ವೇಗದಲ್ಲಿ ಸೋಯಾ ಹಾಕಿದರೆ ಕಾಳು ಬೇಳೆ. ಡ್ರಮ್ಮಿನ ವೇಗ ನಿಮಿಷಕ್ಕೆ 350ರಿಂದ 400 ಸುತ್ತಿಗೆ ಇಳಿಸಲು ಹೇಳಿ, ಮೊದಲ ಬುಟ್ಟಿ ಕಾಳು ನೀವೇ ಕೈಯಲ್ಲಿ ಹಿಡಿದು ನೋಡಿ. ಆಮೇಲೆ ಕಣದಲ್ಲಿ ತೆಳುವಾಗಿ ಹರಡಿ ಒಣಗಿಸಿ. ಬೆಂಬಲ ಬೆಲೆ ಖರೀದಿಗೆ ತೇವ ಶೇ. 12 ಕೇಳುತ್ತಾರೆ. ಹಲ್ಲಲ್ಲಿ ಕಚ್ಚಿದರೆ ಟಕ್ ಅಂತ ಎರಡಾಗಬೇಕು, ಚಪ್ಪಟೆಯಾದರೆ ಇನ್ನೂ ಒಂದು ದಿನ ಬಿಸಿಲು ಬೇಕು.

ಹೊಟ್ಟನ್ನು ಅದೇ ಹೊಲದ ಮೂಲೆಗೆ ಸುರಿಯಬೇಡಿ. ಚಿಬ್ಬು ರೋಗ, ಅಂಗಮಾರಿ, ಎಲೆಚುಕ್ಕೆ ಮೂರೂ ಅದರಲ್ಲೇ ಮುಂದಿನ ಮೃಗಶಿರ ಮಳೆಗೆ ಕಾಯುತ್ತವೆ. ಬೂಷ್ಟಿಲ್ಲದ ಹೊಟ್ಟು ದನಕ್ಕಾಯಿತು, ಉಳಿದದ್ದು ಗೊಬ್ಬರದ ಗುಂಡಿಗೆ.

ಬೀಜಕ್ಕೆ ಇಡುವುದಾದರೆ ಹಸಿರು ದಂಟು ಇಲ್ಲದ ಜಾಗ ನೋಡಿ, ಮೊದಲೇ ಕೋಲು ನೆಟ್ಟು ಗುರುತು ಮಾಡಿ, ಅದನ್ನು ಬೇರೆಯಾಗಿ ಕೊಯ್ದು ಕೋಲಿನಿಂದ ಬಡಿದು ಒಕ್ಕಿ. ಗೋಣಿಚೀಲದಲ್ಲಿ ತುಂಬಿ ಹಲಗೆಯ ಮೇಲಿಡಿ, ನಾಲ್ಕು ಚೀಲಕ್ಕಿಂತ ಮೇಲೆ ಪೇರಿಸಬೇಡಿ. ಇಳಿಸುವಾಗ ಎತ್ತಿ ಬಿಸಾಡದಂತೆ ಹಮಾಲರಿಗೆ ಹೇಳಿ. ನಮ್ಮ ಮನೆಯಲ್ಲಿ ಆ ಚೀಲಗಳಿಗೆ ಕೆಂಪು ದಾರ ಕಟ್ಟಿರುತ್ತೇವೆ, ಇಲ್ಲದಿದ್ದರೆ ಭೂಮಿ ಹುಣ್ಣಿಮೆ ಕಳೆಯುವುದರೊಳಗೆ ಯಾರಾದರೂ ಅದನ್ನೂ ಸಂತೆಗೆ ಹಾಕಿಬಿಡುತ್ತಾರೆ.